ಸೋತ ಹುಡುಗರಿಗೆ ಏನು ಹೇಳಬೇಕು, ಮೇಷ್ಟ್ರೇ?

ಪ್ರೀತಿಯ ಮೇಷ್ಟ್ರೇ,

ಬೆಳಗಿನಿಂದ ಸಂಜೆಯವರೆಗೆ ಶಾಲೆಯಲ್ಲಿ ಹೀಗೆ ಕರೆಸಿಕೊಳ್ಳುವ ನಿನಗೆ ನಾನೂ ಹೀಗೆಯೇ ಕರೆದರೆ ಮೈ ಉರಿಯುತ್ತದೆಂದು ಗೊತ್ತಿದ್ದೇ ಕರೆಯುತ್ತಿದ್ದೇನೆ. ಮದ್ದೂರಿನ ಬಸ್ಸಿನ ವಿಷಯವನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ. ಇದು ನಾಲ್ಕು ಜನ ಓದುವ ಪತ್ರ, ಆ ನಾಲ್ವರಲ್ಲಿ ನಿನ್ನ ಶಿಷ್ಯರೂ ಇರಬಹುದು.

ಕಳೆದ ಶನಿವಾರ ನಮ್ಮ ಹುಡುಗರು ಸೆಮಿಫೈನಲ್‌ನಲ್ಲಿ ಸೋತರು. ಇಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆಗಸ್ಟ್ ತಿಂಗಳ ಮಳೆ, ಪಾದ ಮುಳುಗುವ ಕೆಸರು, ಹದಿಮೂರು ವರ್ಷದೊಳಗಿನ ಮಕ್ಕಳ ರಗ್ಬಿ. ಅಲ್ಪಸ್ವಲ್ಪದ ಸೋಲಾಗಿದ್ದರೆ ನಿನಗೆ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನಾವು ಗಳಿಸಿದ್ದು ಒಂದೇ ಒಂದು ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸುವುದು), ಅದೂ ಎದುರಾಳಿಗಳು ತಮ್ಮ ಒಳ್ಳೆಯ ಆಟಗಾರರನ್ನೆಲ್ಲ ಹೊರಗೆ ಕರೆಸಿಕೊಂಡು ಕೂರಿಸಿದ ಮೇಲೆ. ಆಟ ಮುಗಿದು ಎರಡೂ ತಂಡದವರು ಸಾಲಾಗಿ ನಿಂತು ಕೈಕುಲುಕಿದ ಬಳಿಕ, ಟೋಂಗಾ ಮೂಲದ ನಮ್ಮ ಕೋಚ್ ಹುಡುಗರನ್ನು ಸುತ್ತ ನಿಲ್ಲಿಸಿ, ನನ್ನ ಕಡೆ ತಿರುಗಿ, "ಇವತ್ತು ನೀನು ಮಾತಾಡು" ಎಂದುಬಿಟ್ಟ. ನೀರಿನ ಬಾಟಲಿ, ಪ್ರಥಮ ಚಿಕಿತ್ಸೆಯ ಚೀಲ ಮತ್ತು ಮಕ್ಕಳ ಕನ್ನಡಕಗಳನ್ನು ಹೊರುವುದು ನನ್ನ ಅಧಿಕೃತ ಜವಾಬ್ದಾರಿ ಎಂಬುದು ನಿನಗೆ ಗೊತ್ತೇ ಇದೆ. ಆದರೂ ಪುಸ್ತಕದಲ್ಲಿ ಏನೇನೋ ಗೀಚಿಕೊಂಡಿದ್ದೆನಾದ್ದರಿಂದ ಮಾತನಾಡಿದೆ.

ಮೊದಲು ಹೇಳಿದ್ದು, ಬಿದ್ದವನ ಬಳಿಗೆ ಓಡಬೇಕೆಂಬುದನ್ನು. ರಗ್ಬಿಯಲ್ಲಿ ಚೆಂಡು ಹಿಡಿದವನನ್ನು ಕೆಡವಿದರೆ ಅವನು ಚೆಂಡನ್ನು ಬಿಟ್ಟುಕೊಡಲೇಬೇಕು; ಆ ಒಂದೆರಡು ಕ್ಷಣದಲ್ಲಿ ಅವನ ಕಡೆಯವರು ಬಂದು ಮೇಲೆ ನಿಂತರೆ ಚೆಂಡು ನಮ್ಮದಾಗಿ ಉಳಿಯುತ್ತದೆ, ಇಲ್ಲವಾದರೆ ಎದುರಾಳಿಗಳು ಬಂದು ಎತ್ತಿಕೊಂಡು ಹೋಗುತ್ತಾರೆ. ನಮ್ಮವರು ಇಡೀ ಪಂದ್ಯದಲ್ಲಿ ಮಾಡಿದ್ದೇನೆಂದರೆ, ಒಬ್ಬ ವೀರಾವೇಶದಿಂದ ನುಗ್ಗುವುದು, ಉಳಿದವರು ನಿಂತು ಅವನ ವೀರಾವೇಶವನ್ನು ನೋಡುವುದು. ಟಿವಿಯಲ್ಲಿ ತೋರಿಸುವುದೆಲ್ಲ ಚೆಂಡು ಹಿಡಿದು ಓಡುವವನನ್ನೇ ಆದ್ದರಿಂದ, ಅವನ ಹಿಂದೆ ಮೂರು ಮಾರು ದೂರದಲ್ಲಿ ಏದುಸಿರು ಬಿಡುತ್ತ ಬರುವವನ ಕೆಲಸವನ್ನು ಮಕ್ಕಳಿಗೆ ಅರ್ಥಮಾಡಿಸುವುದು ಬಹಳ ಕಷ್ಟ.

ಎರಡನೆಯದನ್ನು ನೀನಾಗಿದ್ದರೆ ನನಗಿಂತ ಚೆನ್ನಾಗಿ ಹೇಳುತ್ತಿದ್ದೆ. ಅಂಚಿನಲ್ಲಿ ನಿಲ್ಲಬೇಕಾದ ನಮ್ಮ ಹುಡುಗ, ಚೆಂಡು ಮಧ್ಯದಲ್ಲಿರುವಾಗಲೇ ಆಸೆಗೆ ಬಿದ್ದು ಒಳಗೆ ನುಗ್ಗುತ್ತಿದ್ದ. ಚೆಂಡು ಕೈಯಿಂದ ಕೈಗೆ ದಾಟಿ ಅಂಚಿಗೆ ಬರುವ ಹೊತ್ತಿಗೆ ಅಲ್ಲಿ ಮೈದಾನ ಖಾಲಿ. ನಿನ್ನ ಕಬಡ್ಡಿ ಅಂಕಣದಲ್ಲಿ ರೇಡರ್ ಇನ್ನೂ ಬೋನಸ್ ಗೆರೆಯ ಬಳಿ ಆಟವಾಡುತ್ತಿರುವಾಗಲೇ ಎಡ ತುದಿಯ ಕಾರ್ನರಿನವನು ಕಾಲಿಗೆ ಎರಗಿ, ಕೈ ಕೈ ಹಿಡಿದು ನಿಂತ ಚೈನ್ ಮುರಿಯುತ್ತಾನಲ್ಲ, ಅದೇ ರೋಗ. ಸಾಲಿನಲ್ಲಿ ನಿಂತು ಪಕ್ಕದವನೊಡನೆ ಮಾತನಾಡುತ್ತಲೇ ಮುಂದೆ ಬರಬೇಕು, ಮಾತು ನಿಂತರೆ ಸಾಲು ಒಡೆಯುತ್ತದೆ ಎಂದೆ. ಅಂಚಿನ ಹುಡುಗ ತನ್ನ ಬೂಟಿನ ಕೆಸರನ್ನು ಇನ್ನೊಂದು ಬೂಟಿನಿಂದ ಕೆರೆಯುತ್ತಿದ್ದನೇ ಹೊರತು ತಲೆ ಎತ್ತಲಿಲ್ಲ.

ಮೂರನೆಯದು ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು. ಕ್ಲಬ್ ಮಟ್ಟದ ಆಟದಲ್ಲಿ ಮೊದಲು ಹಿಡಿಯುವವನು ಎದೆಮೂಳೆಯಿಂದ ಕೆಳಗೇ ಹಿಡಿಯಬೇಕೆಂಬ ನಿಯಮವನ್ನು ಇಲ್ಲಿ 2023ರಲ್ಲಿ ಪ್ರಯೋಗಕ್ಕೆ ತಂದರು, ತಲೆಗೆ ಬೀಳುವ ಪೆಟ್ಟು ಕಡಿಮೆಯಾಗಲೆಂದು. ಮೊದಲಾರ್ಧದಲ್ಲಿ ನಮ್ಮವರು ಚೆನ್ನಾಗಿಯೇ ಹಿಡಿದರು. ಆಮೇಲೆ ದಣಿದರು, ದಣಿದವನು ಮೊದಲು ಮರೆಯುವುದೇ ಮೊಣಕಾಲು ಬಗ್ಗಿಸುವುದನ್ನು. ನಿಂತಲ್ಲಿಂದಲೇ ಕೈ ಚಾಚಿದರು, ಕೈ ಕತ್ತಿನ ಕಡೆಗೆ ಹೋಯಿತು, ರೆಫರಿ ಸೀಟಿ ಊದುತ್ತಲೇ ಹೋದ. ಅಷ್ಟರಲ್ಲಿ ನಮ್ಮ ತಂಡದ ಅತ್ಯಂತ ಪುಟ್ಟ ಹುಡುಗ ಕೈ ಎತ್ತಿ, "ಸ್ಯಾಮ್ ಕೇನ್ ಕೂಡ ಹಾಗೇ ಹಿಡಿದಿದ್ದಲ್ವಾ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. 2023ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್‌ನ ನಾಯಕ ಕೇನನೇ ಎತ್ತರದ ಟ್ಯಾಕಲ್ ಮಾಡಿ ಕೆಂಪು ಕಾರ್ಡು ಪಡೆದು ಹೊರಗೆ ಕೂತಿದ್ದ, ತಂಡ ದಕ್ಷಿಣ ಆಫ್ರಿಕಾದ ಎದುರು 12–11ರಿಂದ, ಒಂದೇ ಅಂಕದಿಂದ ಸೋತಿತ್ತು. ಈ ಮಕ್ಕಳು ಅದನ್ನು ಭಾನುವಾರ ಬೆಳಗ್ಗೆ ತಿಂಡಿ ತಟ್ಟೆ ಮುಂದಿಟ್ಟುಕೊಂಡು ನೋಡಿದವರು.

ಇಲ್ಲಿನ ದೊಡ್ಡವರಿಗೆ ಇಂಥ ಹೊತ್ತಿನಲ್ಲಿ ಹೇಳಲು ಒಂದು ಸಿದ್ಧ ಕಥೆಯಿದೆ. 2007ರ ವಿಶ್ವಕಪ್ಪಿನಲ್ಲಿ ಆಲ್ ಬ್ಲ್ಯಾಕ್ಸ್ ಕಾರ್ಡಿಫ್‌ನಲ್ಲಿ ಫ್ರಾನ್ಸ್ ವಿರುದ್ಧ 20–18ರಿಂದ ಕ್ವಾರ್ಟರ್ ಫೈನಲ್‌ನಲ್ಲೇ ಸೋತು ಮನೆಗೆ ಬಂದದ್ದು, ಇಡೀ ದೇಶ ಶಪಿಸುತ್ತಿದ್ದರೂ ಕೋಚ್ ಗ್ರಹಾಂ ಹೆನ್ರಿಯನ್ನು ಉಳಿಸಿಕೊಂಡದ್ದು, ನಾಲ್ಕು ವರ್ಷದ ನಂತರ ಈಡನ್ ಪಾರ್ಕಿನಲ್ಲಿ ಅದೇ ಫ್ರಾನ್ಸನ್ನು 8–7ರಿಂದ ಸೋಲಿಸಿ ಕಪ್ ಗೆದ್ದದ್ದು. ಆ ಫೈನಲ್‌ನ ನಿರ್ಣಾಯಕ ಪೆನಾಲ್ಟಿಯನ್ನು ಒದ್ದ ಸ್ಟೀಫನ್ ಡೊನಾಲ್ಡ್, ಮೊದಲು ತಂಡದಲ್ಲೇ ಇಲ್ಲದೆ, ನದಿಯಲ್ಲಿ ಮೀನು ಹಿಡಿಯುತ್ತಿದ್ದವನು. ಅವನ ಸ್ಥಾನದ ಆಟಗಾರರು ಒಬ್ಬರ ಹಿಂದೆ ಒಬ್ಬರಂತೆ ಗಾಯಗೊಂಡ ಮೇಲೆ ಅವನಿಗೆ ಕರೆ ಬಂದಿತ್ತು. ಕಥೆಯೇನೋ ಚೆನ್ನಾಗಿದೆ. ಆದರೆ ನಮ್ಮ ಹುಡುಗರಲ್ಲಿ ಬಹಳಷ್ಟು ಜನ ಹುಟ್ಟಿದ್ದೇ ಆ ಪಂದ್ಯದ ನಂತರ, ಮತ್ತು ನಾಲ್ಕು ವರ್ಷ ಕಾಯಿರಿ ಎಂದು ಹನ್ನೆರಡು ವರ್ಷದವನಿಗೆ ಹೇಳುವುದು ಅವನ ವಯಸ್ಸಿನ ಮೂರನೇ ಒಂದು ಭಾಗವನ್ನು ಸಾಲ ಕೇಳಿದಂತೆ. ನಾನು ಆ ಕಥೆಯನ್ನು ಹೇಳಲಿಲ್ಲ. 1990ರಿಂದ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಬಿಟ್ಟುಕೊಟ್ಟೇ ಇರದ ನಮ್ಮ ಕಬಡ್ಡಿ ತಂಡ 2018ರ ಸೆಮಿಫೈನಲ್‌ನಲ್ಲಿ ಇರಾನಿಗೆ 27–18ರಿಂದ ಮಣಿದಾಗ, "ಸೋಲಿನಿಂದ ಪಾಠ ಕಲಿಯಬೇಕು" ಎಂದ ಟಿವಿಯವನನ್ನು ನೀನು ಬೈದ ಬೈಗುಳ ಇನ್ನೂ ನನ್ನ ಕಿವಿಯಲ್ಲಿದೆ, ಇಲ್ಲಿ ಬರೆಯುವಂಥದ್ದಲ್ಲ.

ಮಾತು ಮುಗಿಸಿ, ಯಾರಾದರೂ ಏನಾದರೂ ಕೇಳುವುದಿದೆಯೇ ಎಂದೆ. ಸಾಸೇಜು ಇದೆಯಾ ಎಂದು ಕೇಳಿದರು. ಕ್ಲಬ್ಬಿನ ಕಟ್ಟೆಯ ಮೇಲೆ ಒಂದು ತುಂಡು ಬ್ರೆಡ್ಡಿನಲ್ಲಿ ಸಾಸೇಜನ್ನು ಓರೆಯಾಗಿಟ್ಟು ಟೊಮೆಟೊ ಸಾಸ್ ಸುರಿದು ಕೊಡುತ್ತಾರೆ; ಅದನ್ನು ಹಿಡಿದುಕೊಂಡು, ತಮ್ಮನ್ನು ಆಗಷ್ಟೇ ಮಣ್ಣುಮುಕ್ಕಿಸಿದ ಹುಡುಗರ ಜೊತೆಯಲ್ಲೇ ಕೆಸರಿನಲ್ಲಿ ಜಾರುವ ಆಟ ಶುರುಮಾಡಿದರು. ಗಟ್ಟಿಯಾಗಿ ಅತ್ತಿದ್ದವನೇ ಎಲ್ಲರಿಗಿಂತ ದೂರ ಜಾರಿದ. ಕಾರಿನಲ್ಲಿ ನಾನು ಮೌನವಾಗಿದ್ದುದನ್ನು ನೋಡಿ ನನ್ನ ಮಗ ಕೇಳಿದ: "ಅಪ್ಪಾ, ಆಡಿದ್ದು ನಾವು. ನಿನಗ್ಯಾಕೆ ಇಷ್ಟು ಬೇಜಾರು?"

ಆ ಪ್ರಶ್ನೆ ಒಂದು ವಾರದಿಂದ ನನ್ನನ್ನು ಬಿಟ್ಟಿಲ್ಲ. ಇಲ್ಲಿ ಮಕ್ಕಳು ಹದಿಮೂರಕ್ಕೆ ಹೈಸ್ಕೂಲು ಸೇರುತ್ತಾರೆ, ಅಲ್ಲಿಂದ ಮುಂದೆ ಅವರ ರಗ್ಬಿ ಶಾಲೆಯ ತಂಡದಲ್ಲಿ. ಕ್ಲಬ್ಬಿನ ಈ ತಂಡ ಇಷ್ಟಕ್ಕೇ ಚದುರುತ್ತದೆ. ಮುಂದಿನ ಚಳಿಗಾಲದಲ್ಲಿ ಅವರಿಗೆ ಬೇರೆ ಜೆರ್ಸಿ, ಬೇರೆ ಕೋಚ್. ನಮ್ಮಂಥ ಅಪ್ಪಂದಿರು ಹಗ್ಗದ ಆಚೆ ಕೊಡೆ ಹಿಡಿದು ನಿಲ್ಲಬೇಕು. ಈ ದೇಶದಲ್ಲಿ ನನ್ನನ್ನು ಎಲ್ಲರೂ ಸೌಜನ್ಯದಿಂದಲೇ ಮಾತನಾಡಿಸುತ್ತಾರೆ ಕಣೋ, ಆಫೀಸಿನಲ್ಲಾಗಲಿ, ಪಕ್ಕದ ಮನೆಯವರಾಗಲಿ. ಯಾರೂ ಬೈಯುವುದಿಲ್ಲ, ಏಕೆಂದರೆ ಬೈಯುವಷ್ಟು ಸಲುಗೆ ಯಾರಿಗೂ ಇಲ್ಲ. ಯುಗಾದಿಗೂ ರಾಜ್ಯೋತ್ಸವಕ್ಕೂ ಕನ್ನಡದವರು ಸೇರುತ್ತೇವೆ, ನಿಜ, ಆದರೆ ಶನಿವಾರ ವಾರವಾರವೂ ಬರುತ್ತದಲ್ಲ. ನೀರು ತರಲು ತಡಮಾಡಿದರೆ ಇಡೀ ಮೈದಾನಕ್ಕೆ ಕೇಳುವಂತೆ ನನ್ನ ಹೆಸರು ಕೂಗಿ ರೇಗುವವನು ಆ ಕೋಚ್ ಒಬ್ಬನೇ. ಸೆಮಿಫೈನಲ್ ಗೆಲ್ಲಲೆಂದು ನಾನು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡದ್ದು ಹುಡುಗರಿಗಾಗಿ ಎಂದು ಅಂದುಕೊಂಡಿದ್ದೆ. ನನಗೆ ಇನ್ನೊಂದು ಶನಿವಾರ ಬೇಕಾಗಿತ್ತು, ಅಷ್ಟೇ.

ಇನ್ನೊಂದು ಇದೆ. ಮಗನಿಗೆ ರಗ್ಬಿ ಅಷ್ಟೇನೂ ಇಷ್ಟವಿಲ್ಲವೆಂಬ ಗುಮಾನಿ ನನಗೆ ಕಳೆದ ಸೀಸನ್ನಿನಿಂದಲೇ ಇದೆ. ಅವನು ಹಾಗೆಂದು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ. ಅಪ್ಪನಿಗೆ ಶನಿವಾರ ಬೇಕು ಎಂದು ಅವನು ಆಡುತ್ತಿದ್ದಾನೋ ಏನೋ ಎಂಬ ಯೋಚನೆ ಮೊನ್ನೆ ರಾತ್ರಿ ಜೆರ್ಸಿಗಳನ್ನೆಲ್ಲ ಒಗೆಯಲು ಹಾಕುವಾಗ ಬಂತು. ಕ್ಲಬ್ಬಿಗೆ ಹಿಂದಿರುಗಿಸಬೇಕಾದ ಜೆರ್ಸಿಗಳವು, ಒಂದೊಂದರ ಬೆನ್ನಿನ ಸಂಖ್ಯೆ ನೋಡಿದರೂ ಅದರೊಳಗಿನ ಹುಡುಗ ಯಾವ ಕಾಲಿಗೆ ಕುಂಟುತ್ತಾನೆಂದು ಹೇಳಬಲ್ಲೆ. ಎರಡು ಸಲ ನೀರು ಬದಲಿಸಿದರೂ ಕೆಸರು ಬಿಡಲಿಲ್ಲ.

ಸಾಕು, ಇಷ್ಟೆಲ್ಲ ಬರೆಯಬೇಕೆಂದು ಕೂತದ್ದಲ್ಲ. ನನ್ನ ಹೆಂಡತಿ ಇದನ್ನು ಓದಿದರೆ, ಟ್ಯಾಕಲ್ ಬಗ್ಗೆ ಬರೆಯುತ್ತೇನೆಂದು ಕೂತವರು ಟಿವಿ ಧಾರಾವಾಹಿ ಬರೆದುಬಿಟ್ಟಿದ್ದೀರಿ ಎನ್ನುತ್ತಾಳೆ. ಅವಳದೇ ಇನ್ನೊಂದು ಸಲಹೆಯೂ ಇದೆ: ಮುಂದಿನ ವರ್ಷ ರಿಪ್ಪಾ ರಗ್ಬಿಗೆ ಸೇರಿಕೊಳ್ಳಬೇಕಂತೆ, ಐದಾರು ವರ್ಷದ ಮಕ್ಕಳು ಸೊಂಟಕ್ಕೆ ಪಟ್ಟಿ ಸಿಕ್ಕಿಸಿಕೊಂಡು ಒಬ್ಬರದನ್ನೊಬ್ಬರು ಕಿತ್ತುಕೊಳ್ಳುವ ಆಟಕ್ಕೆ. ಅಲ್ಲಿ ಬೂಟಿನ ಲೇಸು ಕಟ್ಟಲು ಬಂದರೆ ಸಾಕು, ಭಾಷಣದ ಅಗತ್ಯ ಬೀಳುವುದಿಲ್ಲ ಎಂದು ಅವಳ ವಾದ. ಯೋಚಿಸುತ್ತಿದ್ದೇನೆ, ಬಗ್ಗಿ ಅಷ್ಟೊಂದು ಲೇಸು ಕಟ್ಟಲು ನನ್ನ ಸೊಂಟ ಒಪ್ಪಬೇಕು.

ನೀನು ಕಾರ್ನರಿನ ಹುಡುಗರನ್ನು ತಡೆದು ನಿಲ್ಲಿಸಲು ಸೊಂಟಕ್ಕೆ ಟವೆಲ್ ಕಟ್ಟಿ ಮಾಡಿಸುತ್ತೀಯಲ್ಲ, ಆ ಅಭ್ಯಾಸದ ವಿಡಿಯೋ ಕಳಿಸು. ಅಂಚಿನ ಹುಡುಗನಿಗೆ ಹೈಸ್ಕೂಲು ಸೇರುವ ಮೊದಲು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಮತ್ತು ಫೋನ್ ಮಾಡುವುದಾದರೆ ನಿನ್ನ ಶಾಲೆ ಬಿಟ್ಟ ಮೇಲೆ ಸಂಜೆ ಐದಕ್ಕೆ ಮಾಡಬೇಡ, ಆಗ ನನಗೆ ರಾತ್ರಿ ಹನ್ನೊಂದೂವರೆ. ಮಾಡಿದರೂ ಎತ್ತುತ್ತೇನೆ, ಅದು ಬೇರೆ ಮಾತು.

ನಿನ್ನ,
ನೀರಿನ ಬಾಟಲಿಯವನು