ಹಳೆಯ ಡೀಸೆಲ್ ಇಂಜಿನುಗಳ ನೆತ್ತಿಯ ಚಿತ್ರವೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡ ಭಾಗದ ಹಳಿಗಳ ಮೇಲೆ 25 ಸಾವಿರ ವೋಲ್ಟಿನ ವಿದ್ಯುತ್ ತಂತಿ ಬಂದ ಮೇಲೆ ಡೀಸೆಲ್ ಇಂಜಿನುಗಳು ಒಂದೊಂದಾಗಿ ಹಿಂದೆ ಸರಿಯುತ್ತಿವೆ. ಅವುಗಳ ನೆನಪಿಗೆಂದು ಪತ್ರಿಕೆಗಳಲ್ಲಿ ಆಗಾಗ ಚಿತ್ರಗಳು ಪ್ರಕಟವಾಗುವುದು ಸಂತೋಷದ ವಿಷಯವೇ. ಆದರೆ ಆ ಚಿತ್ರಗಳು ಬಹುಪಾಲು ಪ್ಲಾಟ್‌ಫಾರ್ಮಿನಲ್ಲಿ ನಿಂತು ತೆಗೆದವು. ಅವುಗಳಲ್ಲಿ ಇಂಜಿನಿನ ಮುಖ, ಬಣ್ಣ, ಸಂಖ್ಯೆ ಕಾಣುತ್ತವೆಯೇ ಹೊರತು ಮೇಲ್ಛಾವಣಿ ಕಾಣುವುದಿಲ್ಲ. ನನ್ನಂತೆ ಮನೆಯಲ್ಲಿ ರೈಲಿನ ಸಣ್ಣ ಮಾದರಿಗಳನ್ನು ಮಾಡುವವರಿಗೆ ಇದು ದೊಡ್ಡ ಕೊರತೆ. ಮೇಜಿನ ಮೇಲಿಟ್ಟ ಮಾದರಿಯನ್ನು ಯಾರೇ ಆಗಲಿ ಮೇಲಿನಿಂದಲೇ ನೋಡುತ್ತಾರೆ, ಹೀಗಾಗಿ ಮೊದಲು ಕಣ್ಣಿಗೆ ಬೀಳುವುದೇ ಛಾವಣಿ ಮತ್ತು ಅದರ ಮೇಲಿನ ಫ್ಯಾನು.

ಇಂಜಿನ್ ಯಾವ ವಂಶದ್ದು ಎಂಬುದನ್ನು ಫ್ಯಾನು ನೋಡಿಯೇ ಹೇಳಬಹುದು. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾಗತೊಡಗಿದ ಡಬ್ಲ್ಯೂಡಿಎಂ-2 ಇಂಜಿನಿನಲ್ಲಿ ಉದ್ದ ಮೂತಿಯ, ಅಂದರೆ ಚಾಲಕನ ಕ್ಯಾಬಿನ ಒಂದು ಬದಿಗೆ ಚಾಚಿದ ಉದ್ದನೆಯ ಯಂತ್ರಭಾಗದ, ತುದಿಗೆ ಒಂದೇ ಒಂದು ದೊಡ್ಡ ರೇಡಿಯೇಟರ್ ಫ್ಯಾನ್ ಮಲಗಿದಂತೆ ಕೂತಿರುತ್ತದೆ. ಯಂತ್ರವನ್ನು ತಂಪಾಗಿಡುವ ನೀರು ಹರಿಯುವ ಎರಡೂ ಪಕ್ಕದ ರೇಡಿಯೇಟರುಗಳ ಮೂಲಕ ಗಾಳಿಯನ್ನು ಒಳಗೆಳೆದು ಮೇಲಕ್ಕೆ ದಬ್ಬುವುದು ಅದರ ಕೆಲಸ. ಈ ಫ್ಯಾನಿಗೆ ಬೇರೆ ಮೋಟರು ಇಲ್ಲ. ಒಳಗಿನ ಡೀಸೆಲ್ ಯಂತ್ರದ ತಿರುಗುವಿಕೆಯೇ ಗೇರ್ ಪೆಟ್ಟಿಗೆ ಮತ್ತು ಎಡ್ಡಿ ಕರೆಂಟ್ ಕ್ಲಚ್ (ಕಾಂತಬಲದಿಂದ ಹಿಡಿಯುವ ಕ್ಲಚ್) ಮೂಲಕ ಅದನ್ನು ತಿರುಗಿಸುತ್ತದೆ. ನೀರು ಕಾದಾಗ ಮಾತ್ರ ಕ್ಲಚ್ ಹಿಡಿಯುವುದರಿಂದ, ಬೆಳಗಿನ ತಂಪಿನಲ್ಲಿ ಇಂಜಿನ್ ಗುಡುಗುತ್ತಿದ್ದರೂ ಫ್ಯಾನು ಸುಮ್ಮನೆ ನಿಂತಿರುವುದುಂಟು. ಜಾಲರಿಯ ಕೆಳಗಿನ ಅಲಗುಗಳ ಸಂಖ್ಯೆ, ಅವುಗಳ ವಾರೆ, ನಡುವಿನ ಗುಂಬದ ಗಾತ್ರ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದು ಆ ಹೊತ್ತಿನಲ್ಲಿ ಮಾತ್ರ. ತಿರುಗತೊಡಗಿದರೆ ಬೂದು ಬಣ್ಣದ ತಟ್ಟೆಯೊಂದು ಕಂಡೀತು, ಅಷ್ಟೇ. ಮೀಟರ್ ಗೇಜ್ ಕಾಲದ ವೈಡಿಎಂ-4 ಕೂಡ ಆಲ್ಕೋ ವಂಶದ್ದೇ. ಆದರೆ ಅದರೊಳಗೆ 16 ಸಿಲಿಂಡರಿನ ಬದಲು 6 ಸಿಲಿಂಡರಿನ ಯಂತ್ರ ಇರುವುದರಿಂದ ಅದರ ಅಳತೆಗಳೇ ಬೇರೆ. ಡಬ್ಲ್ಯೂಡಿಎಂ-2ರ ಛಾವಣಿಯನ್ನು ಕುಗ್ಗಿಸಿ ಅದಕ್ಕೆ ಹೊಂದಿಸಲು ಹೋದರೆ ಆಗುವುದಿಲ್ಲ.

ಜನರಲ್ ಮೋಟರ್ಸ್ ವಂಶದ ದಾರಿ ಬೇರೆ. 1999ರಲ್ಲಿ ಬಂದ ಡಬ್ಲ್ಯೂಡಿಜಿ-4 ಇಂಜಿನುಗಳಿಗೆ ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್ಡೇ ತವರು. ಅದರ ಉದ್ದ ಮೂತಿಯ ಹಿಂಭಾಗ ಮೇಲಕ್ಕೆ ಹೋದಂತೆ ರೆಕ್ಕೆ ಬಿಚ್ಚಿದ ಹಾಗೆ ಅಗಲವಾಗುತ್ತದೆ. ರೇಡಿಯೇಟರುಗಳು ಇರುವುದು ಅಲ್ಲಿ. ಅವುಗಳ ಫ್ಯಾನುಗಳನ್ನು ವಿದ್ಯುತ್ ಮೋಟರುಗಳು ತಿರುಗಿಸುತ್ತವೆ. ಕ್ಯಾಬಿನ ಹಿಂದೆ ಡೈನಮಿಕ್ ಬ್ರೇಕಿನ (ಚಕ್ರದ ಮೋಟರುಗಳನ್ನೇ ಜನರೇಟರಿನಂತೆ ಬಳಸಿ, ಆ ವಿದ್ಯುತ್ತನ್ನು ಶಾಖವಾಗಿಸಿ ವೇಗ ತಗ್ಗಿಸುವ ಬ್ರೇಕಿನ) ರೋಧಕಗಳನ್ನು ತಂಪಾಗಿಸುವ ವ್ಯವಸ್ಥೆ ಪ್ರತ್ಯೇಕವಾಗಿದೆ. ಗೋವಾ ಕಡೆಯ ಘಟ್ಟದಲ್ಲಿ ಕ್ಯಾಸಲ್ ರಾಕ್‌ನಿಂದ ಕುಳೆಂ ಕಡೆಗೆ 37ಕ್ಕೆ 1ರ ಇಳಿಜಾರಿನಲ್ಲಿ ಗಾಡಿ ಇಳಿಯುವಾಗ ಕೇಳುವ ಆ ಊಳಿಡುವ ಸದ್ದು ಈ ಬ್ರೇಕಿನ ಫ್ಯಾನಿನದು, ರೇಡಿಯೇಟರಿನದಲ್ಲ. ಎರಡನ್ನೂ ಒಂದೇ ಎಂದು ತಿಳಿದು ಒಂದೇ ಬಗೆಯ ಜಾಲರಿ ಅಂಟಿಸಿದ ಮಾದರಿಗಳು ಬಹಳ. ಇನ್ನೂ ಬೇಸರ ತರಿಸುವುದೆಂದರೆ, ಪೇಟೆಯಲ್ಲಿ ಸಿಗುವ ಅಮೆರಿಕನ್ ಇಂಜಿನುಗಳ ಫ್ಯಾನುಗಳನ್ನು ತಂದು ಡಬ್ಲ್ಯೂಡಿಎಂ-2ರ ನೆತ್ತಿಯ ಮೇಲೆ ಸಾಲಾಗಿ ಕೂರಿಸುವುದು. ನೋಡುವುದಕ್ಕೆ ಚಂದವಿರಬಹುದು, ಆದರೆ ಅಂಥ ಇಂಜಿನ್ ನಮ್ಮ ಹಳಿಗಳ ಮೇಲೆ ಎಂದೂ ಓಡಿಲ್ಲ.

ಪಕ್ಕದಲ್ಲಿ ಬರೆದ ಸಂಖ್ಯೆಯೊಂದನ್ನೇ ನಂಬಿ ಛಾವಣಿಯನ್ನು ತೀರ್ಮಾನಿಸಲೂ ಬರುವುದಿಲ್ಲ. ಡಬ್ಲ್ಯೂಡಿಎಂ-2ರಲ್ಲಿ ಡೈನಮಿಕ್ ಬ್ರೇಕ್ ಇದ್ದವೂ ಇದ್ದವು, ಇಲ್ಲದವೂ ಇದ್ದವು. ಕ್ಯಾಬಿನ ಇನ್ನೊಂದು ಬದಿಯ ಗಿಡ್ಡ ಮೂತಿಯನ್ನು ಪೂರ್ತಿ ಅಗಲಕ್ಕೆ ಕಟ್ಟಿದ ‘ಜಂಬೋ’ಗಳೂ ಇದ್ದವು. ಮುಂದೆ ಹಲವು ಇಂಜಿನುಗಳು ಪಟಿಯಾಲಾದಲ್ಲಿ ಮರುನಿರ್ಮಾಣಗೊಂಡು, 2600 ಅಶ್ವಶಕ್ತಿಯಿಂದ 3100ಕ್ಕೆ ಏರಿ ಡಬ್ಲ್ಯೂಡಿಎಂ-3ಎ ಎನಿಸಿಕೊಂಡವು. ಆದ್ದರಿಂದ 1985ರ ಗಾಡಿಯನ್ನು ಮಾಡಹೊರಟವನಿಗೆ 2010ರ ಚಿತ್ರ ದಾರಿ ತಪ್ಪಿಸಬಲ್ಲದು. ಚಿತ್ರದ ಜೊತೆ ಅದನ್ನು ತೆಗೆದ ವರ್ಷವೂ ಬೇಕು.

ಅಳತೆಯ ವಿಷಯದಲ್ಲಿ ಹೊಸಬರಿಗೆ ಒಂದು ಮಾತು. ಬಫರಿನಿಂದ ಬಫರಿಗೆ 17.12 ಮೀಟರ್ ಉದ್ದವಿರುವ ಡಬ್ಲ್ಯೂಡಿಎಂ-2, 87ಕ್ಕೆ 1ರ ಪ್ರಮಾಣದಲ್ಲಿ ಸುಮಾರು 197 ಮಿಲಿಮೀಟರ್ ಆಗುತ್ತದೆ. ಉದ್ದ ಹೀಗೆ ಪುಸ್ತಕದಲ್ಲಿ ಸಿಗುತ್ತದೆ, ಫ್ಯಾನಿನ ವ್ಯಾಸವನ್ನು ಮಾತ್ರ ಚಿತ್ರದಿಂದಲೇ ತೆಗೆಯಬೇಕಾಗುತ್ತದೆ. ಮೇಲ್ಸೇತುವೆಯಿಂದ ತೆಗೆದ ಚಿತ್ರದಲ್ಲಿ ಛಾವಣಿ ಕ್ಯಾಮೆರಾಕ್ಕೆ ಹತ್ತಿರ, ಪಕ್ಕದ ನಡೆದಾಡುವ ಹಲಗೆ ದೂರ. ಹಾಗಾಗಿ ಫ್ಯಾನನ್ನು ಛಾವಣಿಯ ಅಗಲದೊಂದಿಗೆ ಹೋಲಿಸಬೇಕೇ ಹೊರತು ಕೆಳಗಿನ ಹಲಗೆಯೊಂದಿಗೆ ಅಲ್ಲ. ಇದನ್ನು ಮರೆತರೆ ಫ್ಯಾನು ಇರಬೇಕಾದ್ದಕ್ಕಿಂತ ದೊಡ್ಡದಾಗಿಬಿಡುತ್ತದೆ. ಇಂಜಿನಿನ ನೇರ ಮೇಲಿನಿಂದ ಒಂದು, ತುಸು ಹಿಂದಿನಿಂದ ಒಂದು, ಹೀಗೆ ಎರಡು ಚಿತ್ರ ಇದ್ದರೆ ಜಾಲರಿ ಛಾವಣಿಗಿಂತ ಎಷ್ಟು ಎತ್ತರಕ್ಕಿದೆ ಎಂಬುದೂ ತಿಳಿಯುತ್ತದೆ.

ಮೊದಲಾದರೆ ಇಂಥ ಚಿತ್ರಕ್ಕೆ ಯಾವ ಪಾದಚಾರಿ ಮೇಲ್ಸೇತುವೆಯಾದರೂ ಸಾಕಿತ್ತು. ಈಗ ತಂತಿಯ ಮೇಲೆ ಹಾಯುವ ಸೇತುವೆಗಳಿಗೆ ಸುರಕ್ಷತೆಗಾಗಿ ತಡೆಗೋಡೆ ಬಂದಿವೆ, ಬರಬೇಕಾದದ್ದೇ. ತಂತಿಯ ಕೆಳಗೆ ನಿಂತ ಇಂಜಿನನ್ನು ಹತ್ತುವುದಾಗಲಿ, ಕ್ಯಾಮೆರಾ ಕಟ್ಟಿದ ಕೋಲನ್ನು ಮೇಲೆತ್ತುವುದಾಗಲಿ ಜೀವಕ್ಕೆ ಎರವಾಗುವ ಕೆಲಸ. ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ವಿದ್ಯುತ್ ಹಾರಿ ಹೊಡೆಯುತ್ತದೆ. ಎಳೆಯ ಹವ್ಯಾಸಿಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಆದ್ದರಿಂದ ನೈಋತ್ಯ ರೈಲ್ವೆಯಲ್ಲಿ ನನ್ನದೊಂದು ವಿನಂತಿ. ಹಳೆಯ ಡೀಸೆಲ್ ಇಂಜಿನನ್ನು ಗುಜರಿಗೆ ಕಳಿಸುವ ಮುನ್ನ, ತಂತಿಯಿಲ್ಲದ ಹಳಿಯಲ್ಲಿ ನಿಲ್ಲಿಸಿ, ಸಿಬ್ಬಂದಿಯವರೇ ಛಾವಣಿಯ ಕೆಲವು ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ತೆಗೆದು, ಸಂಖ್ಯೆ ಮತ್ತು ದಿನಾಂಕದೊಡನೆ 2020ರಲ್ಲಿ ಆರಂಭವಾದ ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೆ ಸಿಗುವಂತೆ ಇಡಬೇಕು. ಇದಕ್ಕೆ ದೊಡ್ಡ ಖರ್ಚೇನೂ ಬರಲಾರದು. ಮುಂದೆ ಎಲ್ಲಿಯಾದರೂ ಡೀಸೆಲ್ ಇಂಜಿನೊಂದನ್ನು ಪ್ರದರ್ಶನಕ್ಕೆ ನಿಲ್ಲಿಸುವುದಾದರೆ ಅದರ ಪಕ್ಕದಲ್ಲಿ ಛಾವಣಿಯ ಎತ್ತರಕ್ಕೆ ಒಂದು ಮೆಟ್ಟಿಲುಕಟ್ಟೆಯನ್ನೂ ಕಟ್ಟಿಸಬೇಕು. ಹಳೆಯ ಮೇಲ್ಸೇತುವೆಗಳಿಂದ ಮೀಟರ್ ಗೇಜ್ ಕಾಲದಲ್ಲಿ ಚಿತ್ರ ತೆಗೆದಿಟ್ಟುಕೊಂಡ ಹುಬ್ಬಳ್ಳಿ, ಗದಗ, ಹಾವೇರಿಯ ಓದುಗರು ಅವುಗಳ ಪ್ರತಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟರೆ ವೈಡಿಎಂ-4ರ ಛಾವಣಿಯ ಮಟ್ಟಿಗಾದರೂ ಊಹೆ ಮಾಡುವುದು ತಪ್ಪುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮಾದರಿ ರೈಲು ಹವ್ಯಾಸಿ,
ಕೇಶ್ವಾಪುರ, ಹುಬ್ಬಳ್ಳಿ