ಟ್ರೌಟ್ ಬಿತ್ತನೆ: ಬಿಟ್ಟ ಮೀನಿನ ಎಣಿಕೆಯೊಂದೇ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ಟ್ರೌಟ್ ಎಂಬ ತಣ್ಣೀರಿನ ಮೀನಿನ ಬಿತ್ತನೆಯ, ಅಂದರೆ ಸಾಕಿದ ಮೀನನ್ನು ಕೆರೆ ಹೊಳೆಗಳಿಗೆ ತಂದು ಬಿಡುವ ಕೆಲಸದ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಓದುಗರೊಬ್ಬರ ಪತ್ರವನ್ನು ಓದಿದೆ. ಮೀನುಗಾರಿಕೆ ಇಲಾಖೆಯವರು ಸಾಧಾರಣವಾದ ಕೆರೆಯೊಂದಕ್ಕೆ ವರ್ಷಕ್ಕೆ ಎರಡು ಮೂರು ಬಾರಿ ಮೀನು ತಂದು ಬಿಡುತ್ತಾರೆ, ಅದಕ್ಕಿಂತ ತಿಳಿಯಾದ, ತಂಪಾದ ಹೊಳೆಯ ಕಡೆಗೆ ತಿರುಗಿಯೂ ನೋಡುವುದಿಲ್ಲ ಎಂಬುದು ಅವರ ದೂರು. ಹೊರಗಿನಿಂದ ನೋಡಿದವರಿಗೆ ಇದು ಪಕ್ಷಪಾತವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಒಳ್ಳೆಯ ಹೊಳೆಯನ್ನು ಅದರ ಪಾಡಿಗೆ ಬಿಡುವುದೇ ಬಹಳಷ್ಟು ಸಲ ಸರಿಯಾದ ನಿರ್ಧಾರವಾಗಿರುತ್ತದೆ ಎಂಬುದನ್ನು ಅವರು ಗಮನಿಸಿಲ್ಲವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬಿತ್ತನೆಗೆ ಮೊದಲು ಕೇಳಬೇಕಾದ ಪ್ರಶ್ನೆ, ಆ ನೀರಿನಲ್ಲಿ ಟ್ರೌಟ್ ತಾನಾಗಿಯೇ ಹುಟ್ಟಿ ಬೆಳೆಯುತ್ತಿದೆಯೇ ಎಂಬುದು. ಇದನ್ನು ತಿಳಿಯಲು ನೀರಿನಲ್ಲಿ ಅಳತೆಯ ವಿದ್ಯುತ್ ಹರಿಸಿ, ಮೀನುಗಳನ್ನು ಕ್ಷಣಕಾಲ ಮಂಕಾಗಿಸಿ ಹಿಡಿದು, ಉದ್ದ ತೂಕಗಳನ್ನು ಬರೆದುಕೊಂಡು ಮತ್ತೆ ನೀರಿಗೇ ಬಿಡುತ್ತಾರೆ. ಬೆರಳುದ್ದದ ಮರಿಯಿಂದ ಹಿಡಿದು ಬಲಿತ ಮೀನಿನವರೆಗೆ ಎಲ್ಲ ವಯಸ್ಸಿನವೂ ಸಿಕ್ಕರೆ ಆ ಹೊಳೆ ತನ್ನ ಸಂತಾನವನ್ನು ತಾನೇ ನೋಡಿಕೊಳ್ಳುತ್ತಿದೆ ಎಂದರ್ಥ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಹೆಕ್ಟೇರ್ ನೀರಿಗೆ ಕನಿಷ್ಠ 40 ಕಿಲೋಗ್ರಾಂನಷ್ಟು ಸ್ವಾಭಾವಿಕ ಬ್ರೌನ್ ಟ್ರೌಟ್ ಇರುವ ಹೊಳೆಯನ್ನು 'ಎ' ದರ್ಜೆಗೆ ಸೇರಿಸುತ್ತಾರೆ. ಅಂಥ ಹೊಳೆಗೆ ಸಾಮಾನ್ಯವಾಗಿ ಸಾಕಿದ ಮೀನನ್ನು ಬಿಡುವುದಿಲ್ಲ.

ಇದ್ದ ಮೀನಿನ ಜೊತೆಗೆ ಇನ್ನಷ್ಟು ಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ಈ ಪ್ರಶ್ನೆಗೆ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಜೀವವಿಜ್ಞಾನಿ ಡಿಕ್ ವಿನ್ಸೆಂಟ್ ಅವರು 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಅಧ್ಯಯನ ಉತ್ತರ ಕೊಟ್ಟಿತು. ಮ್ಯಾಡಿಸನ್ ನದಿಯಲ್ಲಿ ವರ್ಷವರ್ಷವೂ ಬಿತ್ತನೆಯಾಗುತ್ತಿದ್ದ ಒಂದು ಭಾಗದಲ್ಲಿ ಅದನ್ನು ನಿಲ್ಲಿಸಲಾಯಿತು. ಬಿತ್ತನೆಯಿಲ್ಲದ ಓಡೆಲ್ ಕ್ರೀಕ್ ಎಂಬ ಹೊಳೆಗೆ ಸಾಕಿದ ಮೀನನ್ನು ಬಿಡಲಾಯಿತು. ಬಿಡುವುದನ್ನು ನಿಲ್ಲಿಸಿದ ಕಡೆ ಹೊಳೆಯಲ್ಲೇ ಹುಟ್ಟಿದ ಟ್ರೌಟ್‌ಗಳು ಹೆಚ್ಚಿದವು, ಬಿಡಲು ಆರಂಭಿಸಿದ ಕಡೆ ಕುಸಿದವು. ತೊಟ್ಟಿಯಲ್ಲಿ ಗುಂಪಾಗಿ ಬೆಳೆದ ಮೀನಿಗೆ ಹರಿಯುವ ನೀರಿನಲ್ಲಿ ಶಕ್ತಿ ಉಳಿಸಿಕೊಂಡು ಒಂದು ಕಡೆ ನೆಲೆನಿಂತು ಮೇವು ಹಿಡಿಯುವ ರೂಢಿಯಿರುವುದಿಲ್ಲ. ಅದು ಅಲ್ಲಿ ನೆಲೆಸಿದ ಮೀನನ್ನು ಕೆಣಕಿ ಎಬ್ಬಿಸುತ್ತದೆ, ತಾನೂ ಹೆಚ್ಚು ಕಾಲ ಉಳಿಯುವುದಿಲ್ಲ. 1974ರಲ್ಲಿ ಮೊಂಟಾನಾ ರಾಜ್ಯವು ಸ್ವಾಭಾವಿಕ ಟ್ರೌಟ್ ಇರುವ ನದಿಗಳಲ್ಲಿ ಬಿತ್ತನೆಯನ್ನು ಕೈಬಿಟ್ಟಿತು. ಗಾಳ ಹಾಕುವವರಿಂದಲೇ ಆಗ ಬಂದ ವಿರೋಧ ಕಡಿಮೆಯದೇನಲ್ಲ.

ಇನ್ನು ಪತ್ರಲೇಖಕರಿಗೆ ಸಿಟ್ಟು ತರಿಸಿರುವ ಆ ಸಾಧಾರಣ ಕೆರೆಯ ವಿಷಯ. ಟ್ರೌಟ್‌ಗೆ ಹಿತವಾದದ್ದು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ತಾಪಮಾನದ ನೀರು. 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ, 25ರ ಸುಮಾರಿಗೆ ಬದುಕುವುದೇ ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಆಳವಾದ ಹಲವು ಕೆರೆಗಳಲ್ಲಿ ಬೇಸಿಗೆಯ ಹೊತ್ತಿಗೆ ಮೇಲ್ಪದರ ಕಾದಿರುತ್ತದೆ, ತಳದಲ್ಲಿ ಆಮ್ಲಜನಕ ಮುಗಿದಿರುತ್ತದೆ. ನಡುವೆ ಟ್ರೌಟ್‌ಗೆ ಒಗ್ಗುವ ತೆಳುವಾದ ಪದರವೊಂದು ಉಳಿದಿದೆಯೇ ಎಂಬುದನ್ನು ದೋಣಿಯಿಂದ ಮಾಪಕ ಇಳಿಸಿ ಮೀಟರ್ ಮೀಟರ್‌ಗೂ ಅಳೆದೇ ತಿಳಿಯಬೇಕು. ಅಂಥ ಪದರವಿದ್ದು ಮೇವೂ ಸಾಕಷ್ಟಿದ್ದರೆ, ಅಗ್ಗವಾಗಿ ಸಿಗುವ ಬೆರಳುದ್ದದ ಮರಿಗಳನ್ನು ಬಿಟ್ಟು ಒಂದೆರಡು ವರ್ಷ ಬೆಳೆಯಲು ಬಿಡಬಹುದು. ಇಲ್ಲದಿದ್ದರೆ ಹಿಡಿಯುವ ಗಾತ್ರಕ್ಕೆ ಬೆಳೆದ ಮೀನನ್ನು ವಸಂತದಲ್ಲಿ ಬಿಟ್ಟು, ಬಿಸಿಲೇರುವ ಮೊದಲೇ ಅದು ಗಾಳಕ್ಕೆ ಸಿಗುವಂತೆ ನೋಡಿಕೊಳ್ಳಬೇಕು. ಅಂದರೆ ಆ ಕೆರೆಗೆ ಪದೇ ಪದೇ ಮೀನು ಬರುತ್ತಿರುವುದು ಅದು ಅಧಿಕಾರಿಗಳ ಅಚ್ಚುಮೆಚ್ಚಿನ ಕೆರೆ ಎಂದಲ್ಲ, ಅಲ್ಲಿ ಟ್ರೌಟ್ ಬೇಸಿಗೆ ದಾಟುವುದಿಲ್ಲ ಎಂದು. ಜನರು ಸುಲಭವಾಗಿ ತಲುಪಬಹುದಾದ ದಡವಿದ್ದು, ಬಿಟ್ಟ ಮೀನಿನಲ್ಲಿ ಹೆಚ್ಚಿನ ಪಾಲು ಅವರ ಬುಟ್ಟಿ ಸೇರುವುದಾದರೆ ಇದನ್ನು ನಾನು ದುಂದು ಎನ್ನಲಾರೆ.

ಯಾವಾಗ ಬಿಡಬೇಕು ಎಂಬುದೂ ತಾರೀಖು ನೋಡಿ ಗೊತ್ತುಮಾಡುವ ಕೆಲಸವಲ್ಲ. ಹಿಮ ಕರಗಿ ಹೊಳೆ ತುಂಬಿ ಹರಿಯುವಾಗ ಬಿಟ್ಟ ಮೀನು ಕೆಳಕ್ಕೆ ಕೊಚ್ಚಿಹೋಗುತ್ತದೆ. ತಡಮಾಡಿದರೆ ನೀರು ಕಾಯುತ್ತದೆ. ಟ್ಯಾಂಕರಿನ ನೀರಿಗೂ ಹೊಳೆಯ ನೀರಿಗೂ ತಾಪಮಾನದಲ್ಲಿ ಹೆಚ್ಚು ಅಂತರವಿದ್ದರೆ, ಹೊಳೆಯ ನೀರನ್ನೇ ಸ್ವಲ್ಪಸ್ವಲ್ಪವಾಗಿ ಟ್ಯಾಂಕಿಗೆ ಸೇರಿಸಿ ಮೀನನ್ನು ಒಗ್ಗಿಸಿಯೇ ಇಳಿಸಬೇಕು. ಈ ಕೆಲಸ ಹಿಡಿಯುವ ಸಮಯವನ್ನು ಕಂಡು ದಡದಲ್ಲಿ ನಿಂತವರು ಗೊಣಗುವುದುಂಟು.

ನೀರಿನಲ್ಲಿರುವುದು ಟ್ರೌಟ್ ಒಂದೇ ಅಲ್ಲ ಎಂಬುದನ್ನು ಹಿಂದಿನವರು ಅಷ್ಟಾಗಿ ಯೋಚಿಸಲಿಲ್ಲ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಮೇಲಿನ, ಎಂದೂ ಮೀನು ಕಾಣದಿದ್ದ ಸರೋವರಗಳಿಗೆ ಟ್ರೌಟ್ ಬಿಟ್ಟಿದ್ದರಿಂದ ಅಲ್ಲಿನ ಹಳದಿ ಕಾಲಿನ ಕಪ್ಪೆಗಳು ವಿರಳವಾದವು. ಕೆಲವು ಸರೋವರಗಳಿಂದ ಟ್ರೌಟ್‌ಗಳನ್ನು ತೆಗೆದ ಮೇಲೆ ಕಪ್ಪೆಗಳು ಚೇತರಿಸಿಕೊಂಡವು. ಸಾಕಿದ ಮೀನು ಹೊಳೆಯ ಮೀನಿನೊಡನೆ ಕೂಡಿ ತಳಿ ಕೆಡದಿರಲೆಂದು, ಮೊಟ್ಟೆಯ ಹಂತದಲ್ಲೇ ಒತ್ತಡ ಅಥವಾ ಶಾಖ ಕೊಟ್ಟು ಪಡೆದ, ವರ್ಣತಂತುಗಳ ಎರಡು ಗಣಗಳ ಬದಲು ಮೂರು ಗಣಗಳಿರುವ ಸಂತಾನಹೀನ ಮೀನನ್ನು ಬಿಡುವ ಕ್ರಮ ಈಗ ಹಲವೆಡೆ ಇದೆ. ರೋಗದ ತಪಾಸಣೆಯಂತೂ ಕಡ್ಡಾಯವಾಗಬೇಕು. ಮರಿಗಳನ್ನು ಸುತ್ತುಸುತ್ತಾಗಿ ಈಜುವಂತೆ ಮಾಡುವ ವರ್ಲಿಂಗ್ ಎಂಬ ರೋಗವು 1950ರ ದಶಕದಲ್ಲಿ ಅಮೆರಿಕದಲ್ಲಿ ಮೊದಲು ಕಂಡುಬಂದಿತು, 1994ರಲ್ಲಿ ಅದೇ ಮ್ಯಾಡಿಸನ್ ನದಿಯಲ್ಲೂ ಪತ್ತೆಯಾಯಿತು. ಒಮ್ಮೆ ಒಂದು ನದಿಯಲ್ಲಿ ನೆಲೆಯೂರಿದ ಮೇಲೆ ಅದನ್ನು ಹೊರಹಾಕುವ ಉಪಾಯ ಯಾರ ಬಳಿಯೂ ಇಲ್ಲ.

ಇಷ್ಟೆಲ್ಲ ಹೇಳಿದರೂ ನಾನು ಇಲಾಖೆಗಳ ವಕಾಲತ್ತು ವಹಿಸುತ್ತಿಲ್ಲ. ಪತ್ರಲೇಖಕರ ಅಸಮಾಧಾನಕ್ಕೆ ಅವರ ಅರಿವಿನ ಕೊರತೆಗಿಂತ ಅಧಿಕಾರಿಗಳ ಮೌನವೇ ಹೆಚ್ಚು ಕಾರಣ. ಇಷ್ಟು ಸಾವಿರ ಮೀನು ಬಿಟ್ಟೆವು ಎಂಬ ಪ್ರಕಟಣೆ ಛಾಯಾಚಿತ್ರದೊಂದಿಗೆ ಬರುತ್ತದೆ. ಅದರಲ್ಲಿ ಎಷ್ಟು ಹಿಡಿಯಲ್ಪಟ್ಟವು, ಎಷ್ಟು ಮರುವರ್ಷಕ್ಕೆ ಉಳಿದವು ಎಂಬುದು ಬರುವುದಿಲ್ಲ. ದಡದಲ್ಲಿ ಗಾಳದವರನ್ನು ಮಾತನಾಡಿಸಿ ಈ ಲೆಕ್ಕ ತೆಗೆಯುವ ಪದ್ಧತಿ ಹಳೆಯದು. ಪ್ರತಿಯೊಂದು ಕೆರೆ ಹೊಳೆಯ ಹೆಸರಿನ ಮುಂದೆ ಬೇಸಿಗೆಯ ಗರಿಷ್ಠ ತಾಪಮಾನ, ಕೊನೆಯ ಸಮೀಕ್ಷೆಯ ವರ್ಷ, ಬಿಟ್ಟ ಮೀನಿನಲ್ಲಿ ಹಿಡಿದದ್ದೆಷ್ಟು, ಬಿಡದಿದ್ದರೆ ಕಾರಣವೇನು ಎಂಬ ನಾಲ್ಕು ಸಂಗತಿಗಳನ್ನು ಬರೆದು ಬಿತ್ತನೆಗೆ ಮುನ್ನ ಪ್ರಕಟಿಸಲಿ. ಮುಂದಿನ ಬಾರಿ ಇಂಥ ಪ್ರಕಟಣೆ ತಮ್ಮ ಕಚೇರಿಗೆ ಬಂದಾಗ, ಈ ವಿವರಗಳನ್ನೂ ಕೇಳಿ ಪಡೆದು ಅಚ್ಚುಹಾಕಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ