ಮೊದಲು ಧೂಳಿನ ಸುದ್ದಿ ಓದು

ಪ್ರೀತಿಯ ಪುಟ್ಟಾ,

ನೀನು ಮಂಗಳ ಗ್ರಹಕ್ಕೆ ಹೊರಡುವ ದಿನ ಗೊತ್ತಾಯಿತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಒಂದೇ ಉಸಿರಲ್ಲಿ ಅತ್ತಳು, ನಕ್ಕಳು. ಬೆಂಗಳೂರು ಬಳಿಯ ಬ್ಯಾಲಾಳಿನಲ್ಲಿ, ದೂರದ ನೌಕೆಗಳ ಸಂಕೇತ ಹಿಡಿಯುವ ಇಸ್ರೋದ ದೊಡ್ಡ ಆಂಟೆನಾಗಳ ಕೆಳಗೆ ಕೆಲಸ ಮಾಡಿ ನಿವೃತ್ತಳಾದವಳು ನಾನು, ದೂರದಿಂದ ಬರುವ ಸುದ್ದಿ ಕೇಳಿಸಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ನಿನಗೆ ಸುದ್ದಿಯ ಬಗ್ಗೆಯೇ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ನೀನು ಕಳಿಸುವ ಸುದ್ದಿಗಳನ್ನೆಲ್ಲ ನೋಡುತ್ತೇನೆ. ಶನಿಯ ಚಂದ್ರ ಟೈಟಾನ್‌ನ ಕ್ರಾಕೆನ್ ಸಮುದ್ರಕ್ಕೆ ಹೊಸ ದೋಣಿ ಇಳಿಸಿದರಂತೆ, ಗುರುವಿನ ಚಂದ್ರ ಯುರೋಪಾದ ಮಂಜಿಗೆ ಇನ್ನಷ್ಟು ಆಳ ತೂತು ಕೊರೆದರಂತೆ. ನನಗೂ ಖುಷಿಯೇ. 2005ರ ಜನವರಿ 14ರಂದು ಹ್ಯೂಜೆನ್ಸ್ ನೌಕೆ ಟೈಟಾನ್ ಮೇಲೆ ಇಳಿದು ಕಳಿಸಿದ ಆ ದುಂಡು ಕಲ್ಲುಗಳ ಚಿತ್ರ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಆದರೆ ನೀನು ಮಂಗಳದಲ್ಲಿ ಉಸಿರಾಡುವುದು ಆ ಸುದ್ದಿಗಳಿಂದ ಅಲ್ಲ.

ನಮ್ಮಪ್ಪ, ಅಂದರೆ ನಿನ್ನ ತಾತ, ಮಂಡ್ಯದಲ್ಲಿ ಬೆಳಗ್ಗೆ ಪೇಪರ್ ಬಂದ ಕೂಡಲೇ ಒಳಪುಟದ ಒಂದು ಚಿಕ್ಕ ಚೌಕ ಹುಡುಕುತ್ತಿದ್ದರು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ನಾಟಿಗೆ ಆಳು ಕರೆಯಬೇಕೋ ಬೇಡವೋ, ಎಲ್ಲ ಅದರಲ್ಲೇ ಇರುತ್ತಿತ್ತು. ಮುಖಪುಟ ಆಮೇಲೆ. ನಿಮ್ಮ ನೆಲೆಯಲ್ಲೂ ದಿನಾ ಬೆಳಗ್ಗೆ ಅಂಥದ್ದೊಂದು ಪಟ್ಟಿ ಬರುತ್ತದೆ: ಆಕಾಶದಲ್ಲಿ ಧೂಳು ಎಷ್ಟು, ಬಳಸಿದ ನೀರಿನಲ್ಲಿ ವಾಪಸ್ ಸಿಕ್ಕಿದ್ದು ಎಷ್ಟು, ಆಮ್ಲಜನಕ ಎಷ್ಟು ತಯಾರಾಯಿತು, ಯಾವ ಬಾಗಿಲಿನ ಸೀಲು ಪರೀಕ್ಷೆ ಆಯಿತು. ಅದನ್ನು ಓದದೆ ತಿಂಡಿಗೆ ಕೂರಬೇಡ.

ಧೂಳನ್ನು ಮೊದಲು ನೋಡು. ಅಲ್ಲಿನ ಗಾಳಿ ನಿನ್ನನ್ನು ಬೀಳಿಸುವುದಿಲ್ಲ, ಅಲ್ಲಿನ ವಾತಾವರಣದ ಒತ್ತಡ ನಮ್ಮದರ ಶೇಕಡಾ ಒಂದರಷ್ಟೂ ಇಲ್ಲ. ಆದರೆ ಧೂಳು ಬೆಳಕನ್ನು ಕಿತ್ತುಕೊಳ್ಳುತ್ತದೆ. ಆಪರ್ಚುನಿಟಿ ರೋವರ್ ಮಂಗಳದಲ್ಲಿ ಇಳಿದದ್ದು 2004ರ ಜನವರಿಯಲ್ಲಿ, ಅದರಿಂದ ನಿರೀಕ್ಷಿಸಿದ್ದು 90 ಮಂಗಳದ ದಿನ, ಅದು ದುಡಿದದ್ದು 14 ವರ್ಷ. ಅಷ್ಟು ಗಟ್ಟಿ ಜೀವ. 2018ರಲ್ಲಿ ಇಡೀ ಗ್ರಹಕ್ಕೆ ಧೂಳು ಮುಸುಕಿತು, ನಡುಹಗಲಲ್ಲೇ ಕತ್ತಲಾಯಿತು, ಸೌರಫಲಕಕ್ಕೆ ಬಿಸಿಲಿಲ್ಲ. ಜೂನ್ 10ರ ನಂತರ ಅದರಿಂದ ಒಂದು ಮಾತೂ ಬರಲಿಲ್ಲ. ಧೂಳಿನ ಅಂಕಿ ಎರಡು ದಿನ ಸತತ ಏರಿದರೆ ಹೊರಗಿನ ಕೆಲಸ ಮುಂದಕ್ಕೆ ಹಾಕು ಅಂತ ನೀನೇ ಕೇಳು. ಹೊಸಬ ಅಂತ ಬಾಯಿ ಮುಚ್ಚಿಕೊಂಡು ಇರಬೇಡ.

ಇನ್ನೊಂದು, ಆ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಅನ್ನುವ ಉಪ್ಪು ಇದೆ. 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದದ್ದು. ಥೈರಾಯ್ಡ್‌ಗೆ ಒಳ್ಳೆಯದಲ್ಲ. ಹೊರಗಿಂದ ಬಂದಾಗ ಸೂಟು, ಬೂಟು ಒರೆಸುವ ಕೆಲಸ ಎಷ್ಟು ಬೇಜಾರಾದರೂ ಅರ್ಧಕ್ಕೆ ಬಿಡಬೇಡ. ನೀವು ಇರಲಿರುವ ಆರ್ಕೇಡಿಯಾ ಬಯಲಿನ ಅಡಿಯಲ್ಲಿ ಮಂಜುಗಡ್ಡೆ ಇದೆ ಅಂತ ನೀರನ್ನು ಸುಮ್ನೆ ಚೆಲ್ಲಲೂ ಬೇಡ, ಅದನ್ನು ಅಗೆದು, ಕರಗಿಸಿ, ಶುದ್ಧ ಮಾಡುವಷ್ಟರಲ್ಲಿ ಎಷ್ಟು ವಿದ್ಯುತ್ ಹೋಗುತ್ತದೆ ಅಂತ ಲೆಕ್ಕ ಕೇಳಿ ನೋಡು. ಭೂಮಿಯ ಸುತ್ತ ತಿರುಗುತ್ತಿದ್ದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ 2023ರ ಹೊತ್ತಿಗೆ ಬೆವರು, ಮೂತ್ರ ಎಲ್ಲ ಸೇರಿಸಿ ಶೇಕಡಾ 98ರಷ್ಟು ನೀರು ವಾಪಸ್ ಪಡೆಯುತ್ತಿದ್ದರು. ಉಸಿರಿನ ಕಥೆಯೂ ಹಾಗೇ. ಮಂಗಳದ ಗಾಳಿಯಿಂದ ಮೊದಲ ಸಲ ಆಮ್ಲಜನಕ ಮಾಡಿದ ಮಾಕ್ಸಿ ಅನ್ನುವ ಪುಟ್ಟ ಯಂತ್ರ 2021ರಿಂದ 2023ರವರೆಗೆ 16 ಸಲ ಓಡಿ ಕೊಟ್ಟದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ 800 ಗ್ರಾಂ ಹತ್ತಿರ ಬೇಕು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ ಅಂದರೆ ಅಂಥ ಸಣ್ಣ ಅಂಕಿಗಳನ್ನು ಯಾರೋ ದಿನಾ ಕೂತು ನೋಡಿದ್ದಕ್ಕೆ.

ಹೋಗುವ ದಾರಿಯಲ್ಲಿ ವ್ಯಾಯಾಮ ತಪ್ಪಿಸಬೇಡ, ದಿನಕ್ಕೆ ಎರಡು ಗಂಟೆ. ತೂಕವಿಲ್ಲದ ಕಡೆ ಸೊಂಟದ ಮೂಳೆ ತಿಂಗಳಿಗೆ ಶೇಕಡಾ ಒಂದಕ್ಕಿಂತ ಜಾಸ್ತಿ ಸವೆಯಬಹುದು.

ಇನ್ನು ನಮಗೆ ನೀನು ಕೊಡುವ ಸುದ್ದಿ. ಇದೇ ನನಗೆ ಹೆಚ್ಚು ಚಿಂತೆ. ನೀನು ಮಾತಾಡಿದ್ದು ಇಲ್ಲಿಗೆ ತಲುಪಲು ಹತ್ತಿರ ಇದ್ದಾಗ 3 ನಿಮಿಷ, ದೂರ ಹೋದಾಗ 22 ನಿಮಿಷ. ಎದುರುಬದುರು ಕೂತ ಹಾಗೆ ಹರಟೆ ಆಗುವುದಿಲ್ಲ. ಅಲ್ಲಿಯ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದ, ಆದ್ದರಿಂದ ಇವತ್ತು ನಿನ್ನ ಬೆಳಗ್ಗೆ ನಮ್ಮ ಬೆಳಗ್ಗೆ ಒಂದೇ ಆಗಿದ್ದರೂ ಎರಡೂವರೆ ವಾರದಲ್ಲಿ ನಿನಗೆ ಮಧ್ಯಾಹ್ನ ಆದಾಗ ನಮಗೆ ನಡುರಾತ್ರಿ. ಬೆಂಗಳೂರಿನ ಗಡಿಯಾರಕ್ಕೆ ನಿದ್ದೆ ಹೊಂದಿಸಲು ಹೋಗಬೇಡ, ದೇಹ ಕೆಡುತ್ತದೆ. ನಿನಗೆ ಬಿಡುವಾದಾಗ ರೆಕಾರ್ಡ್ ಮಾಡಿ ಕಳಿಸು, ನಾವು ಎದ್ದಾಗ ಕೇಳುತ್ತೇವೆ.

ಆದರೆ "ಚೆನ್ನಾಗಿದ್ದೀನಿ, ಎಲ್ಲ ಸರಿ ಇದೆ" ಅಂತ ಮಾತ್ರ ಕಳಿಸಬೇಡ. ಆಂಟೆನಾ ಕೆಲಸದಲ್ಲಿ ನಾವು ನೌಕೆಯಿಂದ ಅಷ್ಟನ್ನು ಮಾತ್ರ ಕೇಳುತ್ತಿರಲಿಲ್ಲ. ಬ್ಯಾಟರಿ ಎಷ್ಟು, ಬಿಸಿ ಎಷ್ಟು, ಯಾವ ದಿಕ್ಕಿಗೆ ಮುಖ ಮಾಡಿದೆ, ಎಲ್ಲ ಬೇಕಿತ್ತು. ನಿಮ್ಮಮ್ಮನಿಗೂ ಅಷ್ಟೇ ಬೇಕು. ಏನು ತಿಂದೆ, ಪಕ್ಕದ ಹಾಸಿಗೆಯವನು ಎಂಥವನು, ಸಂಜೆ ಸೂರ್ಯನ ಸುತ್ತ ಆಕಾಶ ನೀಲಿಯಾದದ್ದು ನೋಡಿದೆಯಾ, ಮೇಲಧಿಕಾರಿ ಮೇಲೆ ಸಿಟ್ಟು ಬಂತಾ. ಸಿಟ್ಟು ಬಂದರೆ ಅದನ್ನೂ ಹೇಳು. ಬೇಜಾರಾಗಿದ್ದು ಮುಚ್ಚಿಟ್ಟು ಮೂರು ತಿಂಗಳ ಮೇಲೆ ಒಮ್ಮೆಲೇ ಹೇಳಿದರೆ ಇಲ್ಲಿ ಕೂತವರು ಏನು ಮಾಡಲು ಆಗುತ್ತದೆ, ಹೇಳು?

26 ತಿಂಗಳಿಗೊಮ್ಮೆ ಮಂಗಳ ಸೂರ್ಯನ ಆಚೆ ಬದಿಗೆ ಸರಿಯುತ್ತದೆ, ಆಗ ಸುಮಾರು ಎರಡು ವಾರ ಮಾತು ಕಷ್ಟ. 2015ರ ಜೂನ್‌ನಲ್ಲಿ ನಮ್ಮ ಮಂಗಳಯಾನ ಕೂಡ ಹೀಗೇ ಸಂಪರ್ಕವಿಲ್ಲದೆ ತನ್ನಷ್ಟಕ್ಕೆ ತಾನೇ ನಡೆದಿತ್ತು. ಈಗ ಸಂದೇಶ ದಾಟಿಸುವ ರಿಲೇ ಉಪಗ್ರಹಗಳಿದ್ದರೂ ಆ ದಿನಗಳಲ್ಲಿ ನೆಲೆಯ ಕೆಲಸಕ್ಕೆ ಮೊದಲ ಜಾಗ, ಮನೆಯವರ ಸಂದೇಶ ಕೊನೆಗೆ. ಆ ದಿನಾಂಕವನ್ನು ಹೊರಡುವ ಮೊದಲೇ ಅಮ್ಮನ ಕ್ಯಾಲೆಂಡರಿನಲ್ಲಿ ನಿನ್ನ ಕೈಯಲ್ಲೇ ಬರೆದು ಹೋಗು. ಅದಕ್ಕೆ ಒಂದು ವಾರ ಇರುವಾಗ ದಿನಕ್ಕೊಂದರಂತೆ 15 ಸಂದೇಶ ರೆಕಾರ್ಡ್ ಮಾಡಿ ನನಗೆ ಕಳಿಸು. ಮೊದಲೇ ಮಾಡಿಟ್ಟದ್ದು ಅಂತ ಅವಳಿಗೂ ಗೊತ್ತಿರಲಿ, ಮುಚ್ಚುಮರೆ ಬೇಡ. ಬೆಳಗ್ಗೆ ಕಾಫಿ ಹೊತ್ತಿಗೆ ಒಂದೊಂದೇ ನಾನೇ ಅವಳಿಗೆ ಕೇಳಿಸುತ್ತೇನೆ.

ನಿನ್ನ
ಅತ್ತೆ